ಹಣ್ಣಿನ ರಸಾಯನ

ರಸಾಯನ: ಮಾಗಿದ ಹಣ್ಣಿನ ಹೋಳುಗಳಿಗೆ ಬೆಲ್ಲ, ಏಲಕ್ಕಿ, ಕಾಯಿಹಾಲು ಇಲ್ಲವೆ ಕಾಯಿತುರಿ ಸೇರಿಸಿ ಕಲಸುವ ಸಿಹಿ. ಕರ್ನಾಟಕದ ಕರಾವಳಿ, ಮಲೆನಾಡು, ಹಳೆ ಮೈಸೂರು ಸೀಮೆಯ ಹಬ್ಬದೂಟಗಳಲ್ಲಿ, ಮದುವೆ-ಮುಂಜಿಗಳಲ್ಲಿ, ದೇವಸ್ಥಾನದ ಪ್ರಸಾದದಲ್ಲಿ ಇದಕ್ಕೆ ಸ್ಥಾನವಿದೆ. ಬಾಳೆಹಣ್ಣಿನದು ವರ್ಷವಿಡೀ ಸಲ್ಲುವಂಥದು. ಮಾವು, ಹಲಸು, ಕರಬೂಜಗಳದು ಆಯಾ ಕಾಲದ್ದು. ಹೋಳಿಗೆ, ಪಾಯಸ, ಚಿರೋಟಿ, ಲಾಡುಗಳೆಲ್ಲ ಒಲೆಯ ಮುಂದೆ ನಿಂತು ಗಳಿಸಿದ ಹದ. ರಸಾಯನದ ಹದ ಹಣ್ಣು ಮಾಗುವ ದಿನದಲ್ಲೂ ಅದನ್ನು ಕಲಸುವ ಗಳಿಗೆಯಲ್ಲೂ ಇದೆ. ಹಿಂದಿನ ವಾರ ಗೊನೆ ಕಡಿಯುವಾಗ ಶುರುವಾಗುವ ಈ ಅಡುಗೆ ಎಲೆ ಹಾಕುವ ಹೊತ್ತಿಗೆ ಮುಗಿಯುತ್ತದೆ, ಮರುದಿನಕ್ಕೆ ಉಳಿಯುವುದಿಲ್ಲ.

ಹೆಸರು

ರಸಾಯನ ಎಂಬ ಒಂದೇ ಮಾತು ಕನ್ನಡದಲ್ಲಿ ಮೂರು ಕಡೆ ಓಡಾಡುತ್ತದೆ. ಶಾಲೆಯಲ್ಲಿ ಅದು ರಸಾಯನಶಾಸ್ತ್ರ. ಆಯುರ್ವೇದದಲ್ಲಿ ಎಂಟು ಅಂಗಗಳ ಪೈಕಿ ಒಂದು; ಮುಪ್ಪನ್ನು ತಡೆದು ದೇಹಕ್ಕೆ ಕಸುವು ತುಂಬುವ ವಿಧಾನಗಳಿಗೆ ಆ ಹೆಸರು. ಚರಕಸಂಹಿತೆಯ ಚಿಕಿತ್ಸಾಸ್ಥಾನ ತೆರೆದುಕೊಳ್ಳುವುದೇ ರಸಾಯನಾಧ್ಯಾಯದಿಂದ. ಅಲ್ಲಿ ನೆಲ್ಲಿಕಾಯಿ, ಅಳಲೆಕಾಯಿಗಳನ್ನು ಜೇನು, ತುಪ್ಪ, ಸಕ್ಕರೆಗಳ ಜೊತೆ ಸೇರಿಸುವ ಪಾಕಗಳು ಬರುತ್ತವೆ. ಚ್ಯವನಪ್ರಾಶ ಆ ಸಾಲಿನದೇ. ಹಣ್ಣು, ಸಿಹಿ, ಜಿಡ್ಡು ಮೂರೂ ಕೂಡಿದ ಅಡುಗೆಮನೆಯ ಬಟ್ಟಲಿಗೂ ಅದೇ ಹೆಸರು ಬಂದು ಕುಳಿತದ್ದು ಸಹಜವಾಗಿಯೇ ಇದೆ. ಆದರೂ ಮನೆಯ ರಸಾಯನವನ್ನು ಔಷಧವೆಂದು ಕೊಂಡಾಡುವುದು ಬೇಡ. ಅದು ಸಂಭ್ರಮಕ್ಕೆ ಮಾಡುವ ಸಿಹಿ.

ಉತ್ತರ ಕರ್ನಾಟಕದಲ್ಲಿ ಇದರ ಹತ್ತಿರದ ಬಂಧು ಸೀಕರಣೆ. ಶೀಕರಣಿ ಎಂದೂ ಹೇಳುತ್ತಾರೆ. ಮಾವಿನಹಣ್ಣಿನ ರಸಕ್ಕೆ ಹಾಲು, ಸಕ್ಕರೆ ಅಥವಾ ಬೆಲ್ಲ, ಏಲಕ್ಕಿ ಬೆರೆಸಿದರೆ ಅದಾಯಿತು. ಮಹಾರಾಷ್ಟ್ರದಲ್ಲಿ ಬಾಳೆಹಣ್ಣು ಮತ್ತು ಹಾಲಿನ ಶಿಕ್ರಣ ಇದೆ. ಈ ಹೆಸರುಗಳ ಹಿಂದೆ ಸಂಸ್ಕೃತದ ಶಿಖರಿಣಿ ಕಾಣುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಶಿಖರಿಣಿಯ ಪ್ರಸ್ತಾಪವಿದೆ, ಅಲ್ಲಿ ಅದು ಮೊಸರಿನ ಸಿಹಿ. ಮೊಸರಿನ ಕವಲು ಶ್ರೀಖಂಡವಾಯಿತು, ಹಣ್ಣು-ಹಾಲಿನ ಕವಲು ಸೀಕರಣೆಯಾಯಿತು. ಕಾಯಿಹಾಲಿನ ರಸಾಯನ ಈ ಎರಡರಿಂದಲೂ ದೂರ ನಿಲ್ಲುತ್ತದೆ. ತೆಂಗು ಹೇರಳವಾಗಿರುವ ನೆಲದಲ್ಲಿ ಹಸುವಿನ ಹಾಲಿನ ಕೆಲಸವನ್ನು ತೆಂಗಿನ ಹಾಲು ಮಾಡಿತು.

ಹಣ್ಣು

ರಸಾಯನಕ್ಕೆ ಬೇಕಾಗುವ ಹಳೆಯ ಸಾಮಗ್ರಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಬಾಳೆ, ಮಾವು, ಹಲಸು, ತೆಂಗು, ಕಬ್ಬಿನ ಬೆಲ್ಲ, ಎಳ್ಳು, ಏಲಕ್ಕಿ ಎಲ್ಲವೂ ಈ ಸೀಮೆಯಲ್ಲಿ ಬಹುಕಾಲದಿಂದ ಬೆಳೆಯುತ್ತ ಬಂದವು. ಅನಾನಸ್, ಪಪ್ಪಾಯಿ, ಸಪೋಟ, ಸೀಬೆ, ಸೀತಾಫಲಗಳು ಅಮೆರಿಕ ಖಂಡದ ಮೂಲದವು. ಪೋರ್ಚುಗೀಸರು ಕಾಲಿಟ್ಟ ಮೇಲೆ ಹಡಗು ಹತ್ತಿ ಬಂದವು. ಇವತ್ತು ಶಿರಸಿ ತಾಲ್ಲೂಕಿನ ಬನವಾಸಿ ಅನಾನಸಿಗೆ ಹೆಸರಾಗಿದೆ, ಆದರೂ ಹಳಬರ ಮನೆಯ ರಸಾಯನದಲ್ಲಿ ಅನಾನಸ್ ಇಲ್ಲ. ಅದಕ್ಕೆ ರುಚಿಯ ಕಾರಣವೂ ಒಂದಿದೆ, ಮುಂದೆ ಬರುತ್ತದೆ.

ಬಾಳೆಯ ಆಯ್ಕೆ ಊರಿಂದೂರಿಗೆ ಬೇರೆ. ಬಯಲುಸೀಮೆಯಲ್ಲಿ ಏಲಕ್ಕಿ ಬಾಳೆ, ಮಲೆನಾಡಿನಲ್ಲಿ ಪುಟ್ಟಬಾಳೆ ಮತ್ತು ಮಿಟ್ಲಿ, ಕರಾವಳಿಯಲ್ಲಿ ಕದಳಿ ಮತ್ತು ಮೈಸೂರು ಬಾಳೆ. ತೆಳುಸಿಪ್ಪೆ, ಗಟ್ಟಿ ತಿರುಳು, ಸಿಹಿಯ ಹಿಂದೆ ಸಣ್ಣ ಹುಳಿ, ಇವು ಒಳ್ಳೆಯ ರಸಾಯನದ ಬಾಳೆಯ ಲಕ್ಷಣ. ಪಚ್ಚಬಾಳೆಯಲ್ಲಿ ಸಿಹಿ ಇದ್ದರೂ ಹೋಳು ಬೇಗ ಮೆತ್ತಗಾಗುತ್ತದೆ, ಪರಿಮಳವೂ ಕಡಿಮೆ. ನೇಂದ್ರ ಚಿಪ್ಸಿಗೆ ಹೋಗುತ್ತದೆ, ಹಸಿಯಾಗಿ ಇದಕ್ಕೆ ಸೇರುವುದು ಅಪರೂಪ. ಇವೆಲ್ಲವನ್ನೂ ಮೀರಿದ್ದು ನಂಜನಗೂಡಿನ ರಸಬಾಳೆ. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ತಳಿಯ ತೋಟಗಳು ಪನಾಮ ಸೊರಗು ರೋಗಕ್ಕೆ ಸಿಕ್ಕಿ ಬಹಳವಾಗಿ ಕುಗ್ಗಿಹೋದವು. ರಸಬಾಳೆಯ ರಸಾಯನ ಉಂಡವರು ಅದರ ಘಮವನ್ನು ಮರೆಯುವುದಿಲ್ಲ. ಆ ಹಣ್ಣು ಎಲ್ಲ ಮನೆಗಳಿಗೂ ಮತ್ತೆ ಸಿಗುವಂತಾಗಲಿ ಎಂಬುದು ಈ ಲೇಖಕನ ಮನದಾಸೆ.

ಬಾಳೆಕಾಯಿಯ ತಿರುಳಿನಲ್ಲಿ ಸುಮಾರು ಐದನೇ ಒಂದು ಪಾಲು ಪಿಷ್ಟ ಇರುತ್ತದೆ. ಹಣ್ಣಾಗುವಾಗ ಅದು ಹೆಚ್ಚುಕಡಿಮೆ ಎಲ್ಲವೂ ಸಕ್ಕರೆಯಾಗುತ್ತದೆ. ಈ ಕೆಲಸಕ್ಕೆ ಚಾಲನೆ ಕೊಡುವುದು ಹಣ್ಣು ತಾನೇ ಹೊರಬಿಡುವ ಎಥಿಲೀನ್ ಅನಿಲ. ಹಳ್ಳಿಯಲ್ಲಿ ಗೊನೆಯನ್ನು ಗುಂಡಿಯಲ್ಲೋ ಡ್ರಮ್ಮಿನಲ್ಲೋ ಇಟ್ಟು, ಒಣಹುಲ್ಲು ಅಥವಾ ತೆಂಗಿನಸಿಪ್ಪೆಯ ಹೊಗೆ ಹಾಕಿ, ಬಾಯಿ ಮುಚ್ಚಿ ಹಣ್ಣು ಮಾಡುತ್ತಾರೆ. ಹೊಗೆಯಲ್ಲಿರುವ ಎಥಿಲೀನೇ ಅಲ್ಲಿ ಕೆಲಸ ಮಾಡುವುದು. ಪೇಟೆಯ ಮಳಿಗೆಗಳಲ್ಲಿ ಅದೇ ಅನಿಲವನ್ನು ಅಳತೆ ಮಾಡಿ ಬಿಡುತ್ತಾರೆ. ಆಹಾರ ಸುರಕ್ಷತಾ ಪ್ರಾಧಿಕಾರ ಇದಕ್ಕೆ ದಶಲಕ್ಷದಲ್ಲಿ 100 ಭಾಗದ ಮಿತಿ ಹಾಕಿದೆ. ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದಕ್ಕೆ ನಿಷೇಧವಿದೆ. ಕಾರ್ಬೈಡಿನಿಂದ ಹಣ್ಣಾದ ಬಾಳೆಗೆ ಸಿಪ್ಪೆ ಮಾತ್ರ ಹಳದಿ, ಒಳಗೆ ಕಾಯಿಯ ಒಗರು ಉಳಿದಿರುತ್ತದೆ. ಅದನ್ನು ಎಷ್ಟು ಬೆಲ್ಲದಲ್ಲಿ ಅದ್ದಿದರೂ ರಸಾಯನವಾಗುವುದಿಲ್ಲ.

ಹಬ್ಬಕ್ಕೆ ಹಣ್ಣು ಒದಗಿಸುವವರಿಗೆ ದಿನದ ಲೆಕ್ಕ ಮುಖ್ಯ. ಹೊಗೆ ಹಾಕಿದ ಗೊನೆ ಚಿಪ್ಪುಚಿಪ್ಪಾಗಿ ಮೇಲಿನಿಂದ ಕೆಳಕ್ಕೆ ಹಣ್ಣಾಗುತ್ತ ಬರುತ್ತದೆ. ತುದಿಯ ಹಸಿರು ಹೋಗಿ, ಸಿಪ್ಪೆಯ ಮೇಲೆ ಅಲ್ಲೊಂದು ಇಲ್ಲೊಂದು ಕಂದುಚುಕ್ಕೆ ಮೂಡಿದ ದಿನ ರಸಾಯನದ ದಿನ. ಒಂದು ದಿನ ಮುಂಚೆ ಒಗರು, ಒಂದು ದಿನ ತಡವಾದರೆ ಹೋಳು ಸೌಟಿಗೆ ಸಿಕ್ಕಿ ಹಿಟ್ಟಾಗುತ್ತದೆ.

ಮಾವಿನಲ್ಲಿ ಎರಡು ದಾರಿ. ರಸಪುರಿಯಂಥ ರಸದ ಹಣ್ಣನ್ನು ಹಿಂಡಿ ಸೀಕರಣೆ ಮಾಡಬೇಕು. ಬಾದಾಮಿ, ಮಲ್ಲಿಕಾ, ಕರಾವಳಿಯ ಮುಂಡಪ್ಪದಂಥ ತಿರುಳಿನ ಹಣ್ಣನ್ನು ಹೆಚ್ಚಿ ರಸಾಯನ ಮಾಡಬೇಕು. ಅಂಕೋಲೆಯ ಕರಿ ಈಶಾಡು 2023ರಲ್ಲಿ ಭೌಗೋಳಿಕ ಸೂಚಕ ಪಡೆಯಿತು. ಅದರ ತಿರುಳನ್ನು ಕಾಯಿಹಾಲಿಗೆ ಹಾಕಿದರೆ ಬೆಲ್ಲವನ್ನು ಅರ್ಧಕ್ಕೆ ಇಳಿಸಬಹುದು. ಕಾಟುಮಾವಿನ ಸಣ್ಣ ಹಣ್ಣುಗಳನ್ನು ಗೊರಟಿನ ಸಮೇತ ಕಿವುಚಿ ರಸಾಯನ ಮಾಡುವ ಮನೆಗಳೂ ಇವೆ. ಗೊರಟು ಚೀಪುತ್ತ ಉಣ್ಣುವುದೇ ಅಲ್ಲಿನ ಸುಖ. ಹಲಸಿನಲ್ಲಿ ಬಕ್ಕೆಯ ತೊಳೆಗಳನ್ನು ಸಣ್ಣಗೆ ಹೆಚ್ಚುತ್ತಾರೆ. ತುಳುವೆಯ ಮೆತ್ತಗಿನ ತೊಳೆಗಳನ್ನು ಕಿವುಚಿ, ನಾರು ಸೋಸಿ, ರಸ ಮಾತ್ರ ತೆಗೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕರಬೂಜದ ಜಾತಿಯ ಹಣ್ಣುಗಳು ಬರುತ್ತವೆ. ತುಳುವರ ಇಬ್ಬುಡ್ಲ, ಕೊಂಕಣಿಗರ ಚಿಬ್ಬಡ ಮಾಗಿದಾಗ ಸಿಪ್ಪೆ ಬಿರಿದು ಹಿಟ್ಟುಹಿಟ್ಟಾಗುತ್ತದೆ. ಹಾಗೇ ತಿಂದರೆ ಸಪ್ಪೆ. ಬೆಲ್ಲ, ಕಾಯಿಹಾಲು ಬಿದ್ದ ಮೇಲೆ ಅದರ ತಂಪಿಗೆ ಸಾಟಿ ಇಲ್ಲ. ಒಂಟಿಯಾಗಿ ರುಚಿಸದ ಹಣ್ಣೊಂದು ಹೀಗೆ ಸಭೆಯಲ್ಲಿ ಮಾನ ಪಡೆಯುವುದು ರಸಾಯನದಿಂದಲೇ.

ಮಾಡುವ ಕ್ರಮ

ಹತ್ತು ಜನರ ಊಟಕ್ಕೆ ಏಲಕ್ಕಿ ಬಾಳೆಹಣ್ಣು 20ರಿಂದ 25, ದೊಡ್ಡ ತೆಂಗಿನಕಾಯಿ ಒಂದು, ಸಣ್ಣದಾದರೆ ಎರಡು, ಬೆಲ್ಲ ಸುಮಾರು 200 ಗ್ರಾಂ, ಏಲಕ್ಕಿ ಐದಾರು, ಹುರಿದ ಎಳ್ಳು ಎರಡು ಚಮಚ, ಚಿಟಿಕೆ ಉಪ್ಪು. ಬೆಲ್ಲದ ಅಳತೆ ಹಣ್ಣಿನ ಸಿಹಿಗೆ ತಕ್ಕಂತೆ ಏರಿಳಿಯಬೇಕು. ಮೊದಲು ಒಂದು ಹೋಳು ಬಾಯಿಗೆ ಹಾಕಿ ನೋಡಿ, ಆಮೇಲೆ ಬೆಲ್ಲ ತೂಗುವುದು ಸರಿ.

ಕಾಯಿ ಬಲಿತದ್ದಾಗಬೇಕು, ಕೊಬ್ಬರಿಯಾಗಿರಬಾರದು. ತುರಿಯನ್ನು ಬಹಳ ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಿ ತೆಳುಬಟ್ಟೆಯಲ್ಲಿ ಹಿಂಡಿದರೆ ಬರುವುದು ಮೊದಲ ಹಾಲು. ದಪ್ಪಗೆ, ಕೆನೆಯಂತೆ ಇರುತ್ತದೆ. ಹಿಂಡಿದ ಚರಟಕ್ಕೆ ಬೆಚ್ಚಗಿನ ನೀರು ಹಾಕಿ ಮತ್ತೆ ರುಬ್ಬಿದರೆ ಎರಡನೆಯ ಹಾಲು. ಪಾಯಸಕ್ಕೆ ಎರಡೂ ಬೇಕು. ಬಾಳೆಹಣ್ಣಿನ ರಸಾಯನಕ್ಕೆ ಮೊದಲ ಹಾಲೊಂದೇ ಸಾಕು; ಒತ್ತುಶ್ಯಾವಿಗೆಯ ಜೊತೆ ಉಣ್ಣುವ ರಸಾಯನಕ್ಕೆ ಎರಡನೆಯದನ್ನೂ ಸೇರಿಸಿ ತೆಳ್ಳಗೆ ಮಾಡಿಕೊಳ್ಳಬಹುದು. ಮಿಕ್ಸಿಯಲ್ಲಿ ಬಹಳ ಹೊತ್ತು ತಿರುಗಿಸಿದರೆ ಬಿಸಿಗೆ ಎಣ್ಣೆ ಬಿಡುತ್ತದೆ. ಬಿಟ್ಟುಬಿಟ್ಟು ತಿರುಗಿಸಬೇಕು.

ಬೆಲ್ಲದಲ್ಲಿ ಮರಳು, ಕಬ್ಬಿನ ಸಿಪ್ಪೆಯ ಚೂರು ಇರುವುದುಂಟು. ಅದನ್ನು ಕಾಯಿಹಾಲಿನಲ್ಲೇ ಕರಗಿಸಿ ಸೋಸುವುದು ಒಂದು ಕ್ರಮ. ಸ್ವಲ್ಪ ನೀರಿನಲ್ಲಿ ಬಿಸಿಮಾಡಿ ಸೋಸಿ, ಪೂರ್ತಿ ಆರಿಸಿ ಬೆರೆಸುವುದು ಇನ್ನೊಂದು. ಶಿರಸಿ, ಸಾಗರದ ಕಡೆ ಆಲೆಮನೆಯ ಜೋನಿಬೆಲ್ಲ ಸಿಗುತ್ತದೆ. ನೀರಾಗಿಯೇ ಇರುವುದರಿಂದ ಕರಗಿಸುವ ಕೆಲಸವಿಲ್ಲ, ಕಬ್ಬಿನ ವಾಸನೆಯೂ ಹಾಗೇ ಉಳಿದಿರುತ್ತದೆ. ಸಕ್ಕರೆ ಹಾಕಿದರೆ ರಸಾಯನ ಬೆಳ್ಳಗೆ ಚೆನ್ನಾಗಿ ಕಾಣುತ್ತದೆ ನಿಜ. ರುಚಿಗೆ ಬೆಲ್ಲವೇ ಸರಿ. ಬೆಲ್ಲದ ಸಣ್ಣ ಉಪ್ಪು-ಒಗರು ಕಾಯಿಹಾಲಿನ ಜಿಡ್ಡನ್ನು ನಾಲಗೆಯ ಮೇಲಿಂದ ಇಳಿಸುತ್ತದೆ, ಸಕ್ಕರೆ ಇಳಿಸುವುದಿಲ್ಲ.

ಇನ್ನು ಗಳಿಗೆಯ ಮಾತು. ಉಡುಪಿ ಕಡೆಯ ಸಮಾರಂಭವೊಂದರ ಅಡುಗೆ ಚಪ್ಪರವನ್ನು ನೆನೆಯಬಹುದು. ಬೆಳಗಿನ ಎಂಟಕ್ಕೆ ಸಾಂಬಾರಿನ ಹಂಡೆ ಒಲೆ ಏರಿದೆ, ಹತ್ತಕ್ಕೆ ಪಾಯಸ ಇಳಿದಿದೆ. ಮೂಲೆಯಲ್ಲಿ ಬಾಳೆಹಣ್ಣಿನ ಚಿಪ್ಪುಗಳು ಇನ್ನೂ ಗೋಣಿಯ ಮೇಲೆ ಹಾಗೇ ಮಲಗಿವೆ. ಸಹಾಯಕ್ಕೆ ಬಂದ ಹುಡುಗ ಹೆಚ್ಚಲು ಕತ್ತಿ ಎತ್ತಿಕೊಂಡರೆ ಅಡುಗೆಯ ಭಟ್ಟರು ತಲೆ ಎತ್ತದೆ, “ಈಗಲೇ ಬೇಡ ಮಾರಾಯ, ಪೂಜೆ ಮುಗೀಲಿ” ಎನ್ನುತ್ತಾರೆ. ಮಂಗಳಾರತಿಯ ಗಂಟೆ ಕೇಳಿದ ಮೇಲೆ ನಾಲ್ಕು ಜನ ಮೆಟ್ಟುಕತ್ತಿಯ ಮುಂದೆ ಕೂರುತ್ತಾರೆ. ಸಿಪ್ಪೆ ಒಂದು ಕಡೆ, ಹಣ್ಣು ಇನ್ನೊಂದು ಕಡೆ. ಬೆರಳಷ್ಟು ದಪ್ಪದ ಬಿಲ್ಲೆಗಳು ನೇರವಾಗಿ ಬೆಲ್ಲದ ಕಾಯಿಹಾಲಿಗೇ ಬೀಳುತ್ತವೆ. ಬರೀ ಪಾತ್ರೆಗೆ ಹಾಕುವಂತಿಲ್ಲ. ಒಬ್ಬರು ಎಳ್ಳು ಉದುರಿಸಿ, ಏಲಕ್ಕಿ ಪುಡಿ ತೂರಿ, ಮರದ ಕೈಯಿಂದ ಅಡಿಯಿಂದ ಮೇಲಕ್ಕೆ ಎರಡೇ ಸಲ ಮಗುಚುತ್ತಾರೆ. ಅಷ್ಟರಲ್ಲಿ ಹೊರಗೆ ಎಲೆ ಬಿದ್ದಿರುತ್ತದೆ.

ಈ ಕಾಯುವಿಕೆಗೆ ಮೂರು ಕಾರಣಗಳಿವೆ. ಹೆಚ್ಚಿದ ಹಣ್ಣಿಗೆ ಗಾಳಿ ತಾಕಿದರೆ ಅದರಲ್ಲಿರುವ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಕೆಲಸ ಶುರುಮಾಡಿ ತಿರುಳನ್ನು ಕಂದು ಮಾಡುತ್ತದೆ. ಹೋಳು ಹಾಲಿನಲ್ಲಿ ಮುಳುಗಿದ್ದರೆ ಗಾಳಿ ಅಷ್ಟು ತಾಕುವುದಿಲ್ಲ. ಕಬ್ಬಿಣದ ಕತ್ತಿಯಾದರೆ ಹಣ್ಣಿನ ಒಗರಿನೊಂದಿಗೆ ಸೇರಿ ಇನ್ನೂ ಕಪ್ಪು, ಹಾಗಾಗಿ ಈಗ ಸ್ಟೀಲಿನ ಅಲಗು ಮೇಲು. ಎರಡನೆಯದು ಬೆಲ್ಲ. ಸಿಹಿಯ ಸಾಂದ್ರತೆ ಹೊರಗೆ ಹೆಚ್ಚಿದ್ದಾಗ ಹಣ್ಣಿನ ಒಳಗಿನ ನೀರು ಹೊರಕ್ಕೆ ಹರಿಯುತ್ತದೆ. ಕಲಸಿ ಒಂದು ಗಂಟೆ ಬಿಟ್ಟರೆ ಹೋಳು ಸೊರಗಿ, ಹಾಲು ತೆಳ್ಳಗಾಗುತ್ತದೆ. ಕರಬೂಜದಲ್ಲಿ ಇದು ಕಣ್ಣೆದುರೇ ನಡೆಯುತ್ತದೆ. ಮೂರನೆಯದು ಕಾಯಿಹಾಲು. ಏಪ್ರಿಲ್ ಸೆಕೆಯಲ್ಲಿ ಹಿಂಡಿದ ಹಾಲು ಕೆಲವೇ ತಾಸಿನಲ್ಲಿ ಹುಳಿಯಾಗುತ್ತದೆ, ಬಿಸಿ ಮಾಡಿ ಕಾಪಾಡೋಣ ಎಂದರೆ ಕುದಿದಾಗ ಒಡೆಯುತ್ತದೆ. ಫ್ರಿಜ್ಜಿನಲ್ಲಿಟ್ಟರೂ ತೊಂದರೆ ತಪ್ಪದು. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದರಿಂದ ತಣ್ಣಗಿನ ರಸಾಯನದಲ್ಲಿ ಮೇಣದ ಕಾಳುಗಳು ನಾಲಗೆಗೆ ಸಿಗುತ್ತವೆ. ತಂಪಾಗಿಯೇ ಬೇಕೆನ್ನುವವರು ಹಣ್ಣನ್ನು ಸಿಪ್ಪೆಯ ಸಮೇತ ನೀರಿನಲ್ಲಿ ಇಟ್ಟು ತಂಪು ಮಾಡಿ, ಹಾಲನ್ನು ಹೊರಗೇ ಇಡುವುದು ಒಳ್ಳೆಯದು.

ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಹುಳಿ ಇರುವ ಹಣ್ಣನ್ನು ಕಲಸಬಾರದು. ಸ್ಟೀಲ್, ಗಾಜು, ಕಲ್ಲಿನ ಮರಿಗೆ, ಯಾವುದಾದರೂ ಆದೀತು.

ಹಾಲು, ಹಣ್ಣು, ಹುಳಿ

ಅನಾನಸಿನಲ್ಲಿ ಬ್ರೋಮಿಲೇನ್, ಪಪ್ಪಾಯಿಯಲ್ಲಿ, ಅದರಲ್ಲೂ ಕಾಯಿಯಲ್ಲಿ, ಪಪೇನ್, ಕಿವಿಹಣ್ಣಿನಲ್ಲಿ ಆಕ್ಟಿನಿಡಿನ್ ಎಂಬ ಕಿಣ್ವಗಳಿವೆ. ಇವು ಪ್ರೋಟೀನನ್ನು ಕತ್ತರಿಸುತ್ತವೆ. ಹಸಿ ಅನಾನಸನ್ನು ಹಸುವಿನ ಹಾಲು, ಕೆನೆ ಅಥವಾ ಮೊಸರಿಗೆ ಹಾಕಿ ಇಟ್ಟರೆ ಸ್ವಲ್ಪ ಹೊತ್ತಿಗೆ ಕಹಿ ಬರುವುದು ಇದರಿಂದಲೇ. ಹಳಬರ ರಸಾಯನಕ್ಕೆ ಅನಾನಸ್ ಒಗ್ಗದೆ ಹೋದದ್ದಕ್ಕೆ ಅದರ ಹುಳಿ ಮತ್ತು ಈ ಕಹಿ ಎರಡೂ ಕಾರಣವಾಗಿರಬಹುದು. ಹಾಕಲೇಬೇಕೆಂದರೆ ಹೋಳುಗಳನ್ನು ಸಕ್ಕರೆಯೊಂದಿಗೆ ಕುದಿಸಿ ಆರಿಸಿ ಸೇರಿಸಬೇಕು. ಬಿಸಿಗೆ ಕಿಣ್ವ ಸಾಯುತ್ತದೆ.

ಹಾಲು ಮತ್ತು ಹಣ್ಣಿನ ಜೋಡಿಯನ್ನು ಕುರಿತು ಆಯುರ್ವೇದಕ್ಕೆ ಬೇರೆಯೇ ತಕರಾರಿದೆ. ಚರಕಸಂಹಿತೆ ಹಾಲಿನ ಜೊತೆ ಸೇರಬಾರದ ಹಣ್ಣುಗಳ ಪಟ್ಟಿಯಲ್ಲಿ ಹುಳಿ ಹಣ್ಣುಗಳನ್ನೂ ಬಾಳೆಯನ್ನೂ ಎಣಿಸಿ ವಿರುದ್ಧಾಹಾರ ಎನ್ನುತ್ತದೆ. ಇದನ್ನು ಪಾಲಿಸುವ ಮನೆಗಳಲ್ಲಿ ಬಾಳೆಹಣ್ಣಿಗೆ ಕಾಯಿಹಾಲೇ ಗತಿ. ಅತ್ತ ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಅಕ್ಷಯ ತದಿಗೆಯ ದಿನ ಹೋಳಿಗೆಯ ಮೇಲೆ ಹಾಲಿನ ಸೀಕರಣೆ ಸುರಿದುಕೊಂಡು ಉಂಡವರು ಅದನ್ನು ಬಿಟ್ಟವರಲ್ಲ. ಸೀಕರಣೆಯಲ್ಲಿ ನೋಡಬೇಕಾದದ್ದು ಎರಡು: ಮಾವು ಹುಳಿಯಿರಬಾರದು, ಹಾಲು ಕಾಸಿ ಪೂರ್ತಿ ಆರಿರಬೇಕು. ಬಿಸಿಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಅಪಾಯವಿದೆ.

ಯಾವಾಗ, ಯಾಕೆ

ಅನ್ನದ ಅಡುಗೆಗೆ ಇರುವ ಮುಸುರೆಯ ಕಟ್ಟುಪಾಡು ಹಣ್ಣು, ಕಾಯಿ, ಬೆಲ್ಲಗಳಿಗೆ ಇಲ್ಲ. ಆದುದರಿಂದ ಮಡಿಯವರೂ ಉಪವಾಸದವರೂ ಬಂದುಹೋಗುವ ನೆಂಟರೂ ಒಂದೇ ಪಾತ್ರೆಯಿಂದ ಹಂಚಿಕೊಳ್ಳಬಹುದಾದ ಸಿಹಿ ಇದು. ರಾಮನವಮಿಯಲ್ಲಿ ಪಾನಕ, ಕೋಸಂಬರಿ, ನೀರುಮಜ್ಜಿಗೆಗಳ ಪಕ್ಕದಲ್ಲಿ ರಸಾಯನ ಬಂದದ್ದಕ್ಕೆ ಇದು ಒಂದು ಕಾರಣ, ಬೇಸಿಗೆ ಇನ್ನೊಂದು. ಹಳೆ ಮೈಸೂರಿನ ಆ ರಸಾಯನದಲ್ಲಿ ಕಾಯಿಹಾಲಿನ ಬದಲು ಹಸಿ ಕಾಯಿತುರಿ, ಜೊತೆಗೆ ಜೇನು, ತುಪ್ಪ, ಖರ್ಜೂರ, ದ್ರಾಕ್ಷಿ, ಕಲ್ಲುಸಕ್ಕರೆ. ಗಟ್ಟಿಯಾಗಿರುವುದರಿಂದ ದೊನ್ನೆಯಲ್ಲೂ ಅಂಗೈಯಲ್ಲೂ ನಿಲ್ಲುತ್ತದೆ. ಬೆಂಗಳೂರಿನಲ್ಲಿ ರಾಮನವಮಿ ಎಂದರೆ ಬೀದಿಯ ಚಪ್ಪರ ಮತ್ತು ಸಂಗೀತ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದ ಉತ್ಸವದ ಖ್ಯಾತಿ ಊರಾಚೆಗೂ ಹಬ್ಬಿದೆ. ಬಡಾವಣೆಯ ಸಣ್ಣ ಚಪ್ಪರಗಳಲ್ಲೂ ಪಾನಕದ ಲೋಟ ಹಿಡಿದವರ ಇನ್ನೊಂದು ಕೈಗೆ ಒಂದು ಚಮಚ ರಸಾಯನ ಬೀಳುತ್ತದೆ. ಗುರುತು ಪರಿಚಯ ಕೇಳದೆ ಕೊಡುವ ಸಿಹಿ ಅದು.

ತುಳುನಾಡಿನಲ್ಲಿ ಏಪ್ರಿಲ್ ಮಧ್ಯದ ಬಿಸು ಹಬ್ಬಕ್ಕೆ ಹಿಂದಿನ ರಾತ್ರಿ ಕಣಿ ಇಡುತ್ತಾರೆ. ಹಣ್ಣು, ಕಾಯಿ, ತರಕಾರಿ, ಹೂವು, ಕನ್ನಡಿ. ಬೆಳಗ್ಗೆ ಕಣಿ ಕಂಡು ಹಿರಿಯರ ಕಾಲಿಗೆ ಬಿದ್ದ ಮೇಲೆ ಅದೇ ಬಾಳೆಹಣ್ಣು ಅದೇ ಕಾಯಿ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ರಸಾಯನವಾಗುತ್ತವೆ. ಮಳೆಗಾಲಕ್ಕೆ ಮುಂಚಿನ ಮದುವೆಗಳಲ್ಲಿ ಮಾವಿನದು, ಜೂನಿನ ಮೊದಲ ಮಳೆಗೆ ಹಲಸಿನದು. ಒತ್ತುಶ್ಯಾವಿಗೆ ಮತ್ತು ರಸಾಯನ ಕರಾವಳಿಯಲ್ಲಿ ನೆಂಟರು ಬಂದ ದಿನದ ತಿಂಡಿ. ಮಣೆಯಲ್ಲಿ ಒತ್ತಿದ ಬಿಸಿ ಎಳೆಗಳ ಮೇಲೆ ತಣ್ಣಗಿನ ಬೆಲ್ಲದ ಕಾಯಿಹಾಲು ಹರಿದು ಒಳಗಿಳಿಯುವುದನ್ನು ನೋಡುವುದೇ ಒಂದು ಹಬ್ಬ. ಅವಲಕ್ಕಿಯ ಜೊತೆಗೂ ಒಪ್ಪುತ್ತದೆ.

ಇದೇ ಬಳಗದ ಇನ್ನೂ ಕೆಲವು ಸಿಹಿಗಳನ್ನು ಇಲ್ಲಿ ಹೆಸರಿಸಬಹುದು. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣುಗಳನ್ನು ಒಂದೂಕಾಲು ಪಾಲಿನ ಲೆಕ್ಕದಲ್ಲಿ ಸೇರಿಸಿದ್ದು. ಅಭಿಷೇಕದ ಪಂಚಾಮೃತಕ್ಕೆ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಹಂಚುವಾಗ ಬಾಳೆಹಣ್ಣಿನ ಚೂರು ಸೇರುವುದುಂಟು. ತಮಿಳುನಾಡಿನ ಪಳನಿ ಬೆಟ್ಟದ ಪಂಚಾಮೃತ 2019ರಲ್ಲಿ ಭೌಗೋಳಿಕ ಸೂಚಕ ಪಡೆಯಿತು. ಬಾಳೆ, ಬೆಲ್ಲ, ತುಪ್ಪ, ಜೇನು, ಏಲಕ್ಕಿಗಳ ಆ ಗಟ್ಟಿ ಪಾಕ ನೀರಿನ ಅಂಶ ಕಡಿಮೆ ಇರುವುದರಿಂದ ದಿನಗಟ್ಟಲೆ ಕೆಡುವುದಿಲ್ಲ, ಯಾತ್ರಿಕರು ಡಬ್ಬಿಯಲ್ಲಿ ಊರಿಗೆ ಒಯ್ಯುತ್ತಾರೆ. ರಮಜಾನಿನ ಸಂಜೆ ಇಫ್ತಾರಿನ ತಟ್ಟೆಯಲ್ಲಿ ಖರ್ಜೂರದ ಜೊತೆ ಬರುವ ಫ್ರೂಟ್ ಚಾಟ್ ಸಿಹಿಗಿಂತ ಹುಳಿ-ಖಾರದ ಕಡೆ ಹೊರಳಿದ್ದು, ಹೆಚ್ಚಿದ ಹಣ್ಣಿನ ಮೇಲೆ ಚಾಟ್ ಮಸಾಲೆ, ನಿಂಬೆರಸ.

ಫ್ರೂಟ್ ಸಲಾಡ್ ಮತ್ತು ಡಬ್ಬಿಯ ಕಾಕ್‌ಟೇಲ್

ಇಪ್ಪತ್ತನೆಯ ಶತಮಾನದಲ್ಲಿ ಪೇಟೆಯ ಸಮಾರಂಭಗಳಿಗೆ ಫ್ರೂಟ್ ಸಲಾಡ್ ಬಂತು. ಅದರ ಜೊತೆ ಬಂದದ್ದು ಕಸ್ಟರ್ಡ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ 1837ರಲ್ಲಿ ಮೊಟ್ಟೆ ಒಗ್ಗದ ತನ್ನ ಹೆಂಡತಿಗಾಗಿ ಜೋಳದ ಪಿಷ್ಟದಿಂದ ಕಸ್ಟರ್ಡ್ ಪುಡಿ ಮಾಡಿದ. ಮೊಟ್ಟೆಯಿಲ್ಲದ ಆ ಪುಡಿ ನಮ್ಮ ಸಸ್ಯಾಹಾರಿ ಮನೆಗಳ ಒಳಗೂ ಸಲೀಸಾಗಿ ನಡೆದುಬಂತು. ಹಳದಿ ಕಸ್ಟರ್ಡಿನಲ್ಲಿ ಸೇಬು, ದ್ರಾಕ್ಷಿ, ದಾಳಿಂಬೆ, ಬಾಳೆ ಹಾಕಿದ ಬಟ್ಟಲು ಮಕ್ಕಳ ಹುಟ್ಟುಹಬ್ಬಕ್ಕೂ ಕ್ರಿಸ್‌ಮಸ್ ಊಟಕ್ಕೂ ಸಲ್ಲುತ್ತದೆ. ಐಸ್‌ಕ್ರೀಮಿನೊಂದಿಗೆ ಕೊಡುವ ಫ್ರೂಟ್ ಸಲಾಡು ಮದುವೆಯ ಊಟದ ಕೊನೆಯ ಐಟಂ ಆಗಿ ಎಷ್ಟೋ ಕಡೆ ರಸಾಯನದ ಜಾಗ ಹಿಡಿಯಿತು. ಮಂಗಳೂರು, ಉಡುಪಿಗಳ ಗಡ್‌ಬಡ್ ಎತ್ತರದ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿ, ಎರಡು ಮೂರು ಬಗೆಯ ಐಸ್‌ಕ್ರೀಮುಗಳನ್ನು ಪದರಪದರವಾಗಿ ಇಟ್ಟದ್ದು. ಕರಾವಳಿಗೆ ಹೋದವರು ಅದನ್ನು ತಿನ್ನದೆ ಬರುವುದಿಲ್ಲ.

ಡಬ್ಬಿಯ ಫ್ರೂಟ್ ಕಾಕ್‌ಟೇಲ್ ಹುಟ್ಟಿ ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯದ ಹಣ್ಣು ಸಂಸ್ಕರಣ ಉದ್ಯಮದಲ್ಲಿ. ಡಬ್ಬಿಗೆ ಹಾಕುವಾಗ ಒಡೆದ, ಕಲೆಯಾದ ಪೀಚ್ ಮತ್ತು ಪಿಯರ್ ಹಣ್ಣುಗಳ ಒಳ್ಳೆಯ ಭಾಗವನ್ನು ಚೌಕಗಳಾಗಿ ಕತ್ತರಿಸಿ ಬಳಸಿಕೊಳ್ಳಲು ಅದು ದಾರಿಯಾಯಿತು. ಅದರ ಹಣ್ಣಿನ ಪಾಲನ್ನು ಅಮೆರಿಕದ ಕಾನೂನೇ ನಿಗದಿ ಮಾಡಿದೆ: ಪೀಚ್ ಶೇಕಡ 30ರಿಂದ 50, ಪಿಯರ್ 25ರಿಂದ 45, ಅನಾನಸ್ 6ರಿಂದ 16, ದ್ರಾಕ್ಷಿ 6ರಿಂದ 20, ಚೆರಿ 2ರಿಂದ 6. ಹಣ್ಣನ್ನು ಸಿರಪ್ಪಿನಲ್ಲಿ ಮುಳುಗಿಸಿ, ಬಾಯಿ ಮುಚ್ಚಿ, ಬಿಸಿಯಲ್ಲಿ ಕಿಣ್ವಗಳನ್ನೂ ಸೂಕ್ಷ್ಮಜೀವಿಗಳನ್ನೂ ಕೊಂದರೆ ಡಬ್ಬಿ ವರ್ಷಗಟ್ಟಲೆ ಉಳಿಯುತ್ತದೆ. ಹಣ್ಣಿನ ಕಾಲವಲ್ಲದ ಚಳಿದೇಶದ ಡಿಸೆಂಬರಿನಲ್ಲಿ ಹಬ್ಬದ ಮೇಜಿಗೆ ಬಣ್ಣ ತಂದದ್ದು ಅದೇ. ಹಣ್ಣು ಬೆಳೆಯದ ತಿಂಗಳುಗಳನ್ನು ದಾಟಲು ಅಲ್ಲಿಯವರು ಕಂಡುಕೊಂಡ ಜಾಣ ದಾರಿ ಅದು. ಹನ್ನೆರಡು ತಿಂಗಳೂ ಗೊನೆ ಕಡಿಯುವ ನಾಡಿನಲ್ಲಿ, ಮಾವು ಹಲಸು ಬೀದಿಯಲ್ಲಿ ರಾಶಿ ಬಿದ್ದಿರುವ ಮೇ ತಿಂಗಳಿನಲ್ಲಿ, ಡಬ್ಬಿ ಒಡೆದು ಹಬ್ಬ ಮಾಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಹಲವು ಹಣ್ಣುಗಳನ್ನು ಒಟ್ಟಿಗೆ ಹಾಕಿದ ರಸಾಯನ ಈಗ ಕೇಟರಿಂಗಿನವರಲ್ಲಿ ರೂಢಿಯಾಗಿದೆ. ಬಾಳೆ, ಮಾವು, ದಾಳಿಂಬೆ, ದ್ರಾಕ್ಷಿ ನಾಲ್ಕೂ ಕಾಯಿಹಾಲಿನಲ್ಲಿ. ಬಣ್ಣ ಸೊಗಸು. ಆದರೆ ನಾಲ್ಕೂ ಒಂದೇ ದಿನಕ್ಕೆ ಹದವಾಗಿ ಮಾಗುವುದು ಅಪರೂಪ. ಒಂದು ಹುಳಿ, ಒಂದು ಗಟ್ಟಿ, ಒಂದು ಕರಗಿಹೋದದ್ದು. ಹೆಚ್ಚೆಂದರೆ ಎರಡು ಹಣ್ಣು ಸಾಕು ಎಂಬ ಹಳಬರ ಮಾತಿಗೆ ಅರ್ಥವಿದೆ. ದಾಳಿಂಬೆ ಹಾಕುವವರು ಬಡಿಸುವ ಮುಂಚೆ ಮೇಲೆ ಉದುರಿಸಲಿ, ಒಳಗೆ ಕಲಸಿದರೆ ಹಾಲು ಗುಲಾಬಿಯಾಗುತ್ತದೆ.

ಹೊರನಾಡಿನಲ್ಲಿ

ಅಮೆರಿಕ, ಬ್ರಿಟನ್‌ಗಳಲ್ಲಿ ನೆಲೆಸಿದ ಕನ್ನಡಿಗರ ಯುಗಾದಿ, ರಾಮನವಮಿಗಳಿಗೆ ರಸಾಯನ ತಪ್ಪಿಲ್ಲ. ಸಿಗುವ ಬಾಳೆ ಹೆಚ್ಚಾಗಿ ಕ್ಯಾವೆಂಡಿಶ್ ಒಂದೇ. ಅದನ್ನು ಚುಕ್ಕೆ ಮೂಡುವ ಮುಂಚೆಯೇ, ಸ್ವಲ್ಪ ಗಟ್ಟಿಯಿರುವಾಗ ದಪ್ಪ ಬಿಲ್ಲೆಯಾಗಿ ಹೆಚ್ಚಿದರೆ ಹೋಳು ಉಳಿಯುತ್ತದೆ. ಡಬ್ಬಿಯ ಕಾಯಿಹಾಲನ್ನು ಚೆನ್ನಾಗಿ ಅಲ್ಲಾಡಿಸಿ, ಗಟ್ಟಿಯಾಗಿದ್ದರೆ ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು ಸಡಿಲಿಸಿಕೊಳ್ಳಬೇಕು. ಆ ಹಾಲಿನಲ್ಲಿ ಇಲ್ಲದ ತಾಜಾತನವನ್ನು ಎರಡು ಚಮಚ ಹಸಿ ಕಾಯಿತುರಿ ಮತ್ತು ಆಗತಾನೇ ಹುರಿದ ಎಳ್ಳು ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತವೆ. ಮಾವಿನ ತಿರುಳಿನ ಡಬ್ಬಿಯಿಂದ ಸೀಕರಣೆ ಮಾಡುವವರು ಮೊದಲು ಅದರ ಸಿಹಿ ನೋಡಲಿ, ಹೆಚ್ಚಿನ ಡಬ್ಬಿಗಳಲ್ಲಿ ಸಕ್ಕರೆ ಆಗಲೇ ಸೇರಿರುತ್ತದೆ.

ಉಳಿದ ಹಣ್ಣು

ಕಲಸಿದ ರಸಾಯನ ಸಂಜೆಯೊಳಗೆ ಮುಗಿಯಬೇಕು. ಆದರೆ ಗೊನೆಯಲ್ಲಿ ನಾಲ್ಕು ಚಿಪ್ಪು ಉಳಿದೇ ಉಳಿಯುತ್ತದೆ, ಹಬ್ಬದ ಮಾರನೆಯ ದಿನಕ್ಕೆ ಸಿಪ್ಪೆ ಕಪ್ಪಾಗಿ, ತಿರುಳು ಮೆತ್ತಗಾಗಿ, ರಸಾಯನದ ಹದ ದಾಟಿರುತ್ತದೆ. ಕರಾವಳಿಯ ಮನೆಗಳಲ್ಲಿ ಆ ಹಣ್ಣಿಗೆ ಬೇರೆ ಕೆಲಸ ಕಾದಿದೆ. ರಾತ್ರಿ ಅದನ್ನು ಸಕ್ಕರೆಯ ಜೊತೆ ಕಿವುಚಿ, ಮೊಸರು, ಜೀರಿಗೆ, ಚಿಟಿಕೆ ಸೋಡಾ, ಹಿಡಿಸುವಷ್ಟು ಮೈದಾ ಹಾಕಿ ಕಲಸಿ ಮುಚ್ಚಿಡುತ್ತಾರೆ. ಬೆಳಗ್ಗೆ ಹಿಟ್ಟು ಉಬ್ಬಿರುತ್ತದೆ. ದಪ್ಪಗೆ ಲಟ್ಟಿಸಿ ಎಣ್ಣೆಗೆ ಬಿಟ್ಟರೆ ಮಂಗಳೂರು ಬನ್ಸ್. ಹಲಸಿನ ಹಣ್ಣು ಉಳಿದರೆ ಅಕ್ಕಿ, ಬೆಲ್ಲದೊಂದಿಗೆ ರುಬ್ಬಿ ಮುಳ್ಕ ಕರಿಯುತ್ತಾರೆ. ಹಬ್ಬಕ್ಕೆ ಬಂದು ಇನ್ನೂ ಊರಿಗೆ ಹೊರಡದ ನೆಂಟರಿಗೆ ಬೆಳಗಿನ ಕಾಫಿಯ ಜೊತೆ ಅದೇ ತಿಂಡಿ.